ನಮ್ಮನೆಯೋಳಿಗೆ ಅಂತ ಕೊಂಡ ಸೈಕಲ್

"ಬುಡ್ರೀ ಕೈಯ! ಮೊದ್ಲು ಇಡಿದೋನು ನಾನು!"

"ನೀವು ಹ್ಯಾಂಡಲ್ ಇಡಿಯೋಕ್ ಮುಂಚೇನೆ ಸೀಟ್ ಮೇಲೆ ನನ್ ಬ್ಯಾಗ್ ಇಟ್ಟಾಗದೆ. ಕಣ್ ಕಾಣಕಿಲ್ವಾ?"

ಮದ್ದೂರಿನ ಪೇಟೆ ಬೀದಿಯ ಸೈಕಲ್ ಅಂಗಡಿಯಲ್ಲಿ ಆ ನೀಲಿ ಬಣ್ಣದ ಎಲೆಕ್ಟ್ರಿಕ್ ಸೈಕಲ್ ಇದ್ದದ್ದು ಒಂದೇ ಒಂದು. ಅದರ ಈ ಕಡೆ ಮೀನಾಕ್ಷಮ್ಮ, ಆ ಕಡೆ ಬಿಳಿ ಮೀಸೆಯ ಎತ್ತರದ ಗಂಡಸು. ಇಬ್ಬರಿಗೂ ಅರವತ್ತು ದಾಟಿದೆ. ಆದರೆ ಜಗಳ ಮಾತ್ರ ಅಂಗನವಾಡಿ ಮಕ್ಕಳದ್ದು!

ಅಂಗನವಾಡಿ ಜಗಳ ಮೀನಾಕ್ಷಮ್ಮನಿಗೆ ಹೊಸದಲ್ಲ ಬಿಡಿ. ಚಿಕ್ಕರಸಿನಕೆರೆಯ ಅಂಗನವಾಡಿಯಲ್ಲೇ ಟೀಚರ್ ಆಗಿದ್ದು ನಿವೃತ್ತಿಯಾದವಳು. ಗಂಡ ತೀರಿಕೊಂಡ ಮೇಲೂ ಸೈಕಲ್ ಬಿಟ್ಟವಳಲ್ಲ. ಆದರೆ ಈಚೆಗೆ ಮಂಡಿ ಹಿಡಿದುಕೊಂಡು, ಏರು ಬಂದರೆ ಸಾಕು ಇಳಿದು ತಳ್ಳುವ ಹಾಗಾಗಿತ್ತು. ಸೈಕಲ್ಲೂ ನಿಂತುಹೋದರೆ ಇನ್ನು ಜಗುಲಿಯೇ ಗತಿ ಎಂಬ ಭಯ ಅವಳಿಗೆ.

"ನೋಡ್ರೀ, ಇದು ಲೇಡೀಸ್ ಸೈಕಲ್ಲು. ನಡುವೆ ಕಂಬಿ ಇಲ್ಲ. ನಿಮಗ್ಯಾಕ್ರೀ ಇದು?"

ಆ ಮನುಷ್ಯನ ಮುಖ ಕೆಂಪಗಾಯಿತು. ಅಂಗಡಿಯಲ್ಲಿದ್ದ ನಾಲ್ಕು ಜನ ಇತ್ತ ತಿರುಗಿದರು.

"ನಂಗಲ್ಲ... ನಮ್ಮನೆಯೋಳಿಗೆ!"

ಮೀನಾಕ್ಷಮ್ಮನ ಕೈ ತಾನಾಗಿಯೇ ಸಡಿಲವಾಯಿತು. 'ಈ ವಯಸ್ಸಿನಲ್ಲಿ ಹೆಂಡತಿಗೆ ಸೈಕಲ್ ಕೊಡಿಸೋ ಗಂಡಸೂ ಇದ್ದಾನಾ! ಆ ತಾಯಿ ಯಾವ ಜನ್ಮದಲ್ಲಿ ಏನು ಪುಣ್ಯ ಮಾಡಿದ್ದಳೋ...'

ಅಂಗಡಿಯ ಶಶಿಧರ್ ನಗುತ್ತಾ ಬಂದ. "ಯಾಕ್ ಕಿತ್ತಾಡ್ತೀರಾ ಟೀಚರಮ್ಮ? ಇಂಥದ್ದೇ ಇನ್ನೊಂದು ಮುಂದಿನ ವಾರ ಬತ್ತದೆ. ಇಬ್ರೂ ಓಡ್ಸಿ ನೋಡಿ."

ಮೀನಾಕ್ಷಮ್ಮ ಸೆರಗು ಸಿಕ್ಕಿಸಿ ಹತ್ತಿದಳು. ಹ್ಯಾಂಡಲ್ಲಿನ ಹಿಡಿ ತಿರುವಿದ್ದೇ ತಡ, ಸೈಕಲ್ ಛಂಗನೆ ಮುಂದಕ್ಕೆ ನೆಗೆಯಿತು!

"ಅಯ್ಯಯ್ಯೋ!"

ಹಿಂದಿನಿಂದ ಎರಡು ಗಟ್ಟಿ ಕೈಗಳು ಕ್ಯಾರಿಯರ್ ಹಿಡಿದು ನಿಲ್ಲಿಸಿದವು.

"ಅದ ತಿರುವಬ್ಯಾಡಿ ಟೀಚರಮ್ಮ. ಸುಮ್ನೆ ಪೆಡಲ್ ತುಳೀರಿ, ಮೋಟ್ರು ತಾನಾಗೇ ಜೊತೆಗೆ ಬತ್ತದೆ." ಮೀಸೆಯವನ ದನಿ ಈಗ ಮೆತ್ತಗಾಗಿತ್ತು. ಶಶಿಧರನಿಂದ ಸ್ಪ್ಯಾನರ್ ಇಸಿದುಕೊಂಡು ಸೀಟು ಕೆಳಗಿಳಿಸಿದ. "ಎರಡು ಪಾದಾನೂ ನೆಲಕ್ಕೆ ಊರ್ಬೇಕು. ನಮ್ ವಯಸ್ಗೆ ಓಡೋದಕ್ಕಿಂತ ನಿಲ್ಲೋದು ಮುಖ್ಯ."

ಈ ಸಲ ಅವಳು ಮೆಲ್ಲಗೆ ತುಳಿದಳು. ಯಾರೋ ಬೆನ್ನಿಗೆ ಕೈಕೊಟ್ಟು ನಡೆಸಿದ ಹಾಗೆ ಸೈಕಲ್ ಹೋಯಿತು. ಮಂಡಿ ಒಂದಿಷ್ಟೂ ನೋಯಲಿಲ್ಲ! ಇದೇ ದುಡ್ಡಿಗೆ ಹಳೇ ಸ್ಕೂಟಿ ಸಿಗುತ್ತದೆ ಎಂದು ಊರಲ್ಲಿ ಎಲ್ಲರೂ ಹೇಳಿದ್ದರು. ಸ್ಕೂಟಿ ಮೇಲೆ ಕೂತರೆ ಕಾಲಿಗೇನು ಕೆಲಸ? ಮಂಡಿ ಆಡುತ್ತಿರಲಿ ಎಂದು ಡಾಕ್ಟರೇ ಹೇಳಿದ್ದಾರೆ. ಅವಳಿಗೆ ಇದೇ ಸರಿ ಅನ್ನಿಸಿತು.

ಇಳಿದು ನೋಡಿದರೆ ಅವನು ಅವಳ ಬ್ಯಾಗನ್ನು ಹ್ಯಾಂಡಲ್‌ಗೆ ನೇತುಹಾಕುತ್ತಿದ್ದ. "ನೀವೇ ತಗೊಂಡ್ ಓಗಿ. ನಾನ್ ಮುಂದಿನ್ ವಾರ ತಗೋತೀನಿ."

ಹೆಸರು ಕನಕರಾಜು. ಶಿವಪುರದವನು. ಬಸ್ಸು ಓಡಿಸಿ ನಿವೃತ್ತನಾದವನು.

ಅಲ್ಲಿಗೆ ಮುಗಿಯಬೇಕಿತ್ತು ನೋಡಿ. ಮುಗಿಯಲಿಲ್ಲ!

ಕೆಲವು ದಿನಗಳ ಮೇಲೆ ಬೆಳಗ್ಗೆ ನಾಲೆ ಏರಿಯ ಮೇಲೆ ಮೀನಾಕ್ಷಮ್ಮ ಹೋಗುತ್ತಿದ್ದರೆ ಎದುರಿಗೆ ಅಂಥದ್ದೇ ನೀಲಿ ಸೈಕಲ್. ಮೇಲೆ ಕನಕರಾಜು! ಅವಳನ್ನು ಕಂಡವನೇ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಬ್ರೇಕ್ ಹಾಕಿದ.

"ಇದೇನ್ ಡ್ರೈವರ್ರೇ, ಅಕ್ಕಾರ ಸೈಕಲ್ ನೀವ್ ಓಡಿಸ್ತಾ ಇದೀರಾ?"

"ಅದು... ಹೊಸ ಸೈಕಲ್ ಅಲ್ವಾ. ಅವ್ಳು ಅತ್ತೋಕ್ ಮುಂಚೆ ನಾನೊಂದಿಷ್ಟು ಪಳಗಿಸ್ತಾ ಇದೀನಿ!"

ಅವಳು ನಕ್ಕುಬಿಟ್ಟಳು. ಸೈಕಲ್ ಏನು ಹೋರಿಯಾ, ಪಳಗಿಸೋಕೆ!

ಆಮೇಲೆ ಬೆಳಗಿನ ನಾಲೆ ಏರಿ ಇಬ್ಬರದ್ದೂ ಆಯಿತು. ಹೊಂಗೆಮರದ ಕೆಳಗೆ ಎರಡು ಸೈಕಲ್ ಒರಗಿಸಿ ಅವಳ ಫ್ಲಾಸ್ಕಿನ ಕಾಫಿ ಕುಡಿಯುವುದು, ಬ್ಯಾಟರಿ ಎಷ್ಟು ದೂರ ಬಂತು ಎಂದು ವಾದ ಮಾಡುವುದು. ಬ್ಯಾಟರಿ ಬಿಚ್ಚಿ ಮೆಟ್ಟಿಲು ಹತ್ತಿಸುವುದು ಕಷ್ಟ ಎಂದು ಅವಳು ಒಮ್ಮೆ ಅಂದದ್ದಕ್ಕೆ, ಮರುದಿನವೇ ಹೆಗಲಿಗೆ ಹಾಕಿಕೊಳ್ಳುವಂಥ ಪಟ್ಟಿ ಹೊಲಿಸಿ ತಂದಿದ್ದ. ಅಷ್ಟು ಸಣ್ಣ ಮಾತನ್ನೂ ಕೇಳಿಸಿಕೊಳ್ಳುವವರು ಇದ್ದಾರೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

"ಅಕ್ಕಾರು ಯಾವಾಗ ಬತ್ತಾರೆ?" ಎಂದು ಕೇಳಿದರೆ ಮಾತ್ರ ಅವನು ಬಗ್ಗಿ ಬ್ರೇಕ್ ನೋಡುತ್ತಿದ್ದ.

ಒಂದು ದಿನ ಅವನು ಬರಲಿಲ್ಲ. ಫ್ಲಾಸ್ಕಿನ ಮುಚ್ಚಳ ತೆಗೆಯುವುದಕ್ಕೂ ಅವಳಿಗೆ ಮನಸ್ಸಾಗಲಿಲ್ಲ. ಆಗ ಗೊತ್ತಾಯಿತು...

'ಥೂ ಮೀನಾಕ್ಷಿ! ಇನ್ನೊಬ್ಬಳ ಗಂಡನಿಗೆ ಕಾಯ್ತಾ ಇದೀಯಲ್ಲೇ! ಯಾವ ಮುಖ ಇಟ್ಟುಕೊಂಡು?'

ಹೌದು, ಅವಳು ಅವನನ್ನು ಪ್ರೀತಿಸಿದ್ದಳು. ಬೇರೆ ಹೆಸರಿಟ್ಟು ಪ್ರಯೋಜನವಿರಲಿಲ್ಲ.

ಇದಕ್ಕೆ ಒಂದೇ ದಾರಿ ಎಂದುಕೊಂಡಳು. ಆ ಹೆಂಗಸನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅಕ್ಕ ಎಂದು ಬಾಯ್ತುಂಬ ಕರೆದರೆ ಈ ಹುಚ್ಚು ಮನಸ್ಸು ತೆಪ್ಪಗಾಗುತ್ತದೆ. ಸೀಟು ಗಟ್ಟಿ ಎಂದು ತನಗೆ ಹೊಲಿದುಕೊಂಡಿದ್ದಂಥದ್ದೇ ಒಂದು ಮೆತ್ತನೆ ಕವರ್ ಹೊಲಿದಳು. ಒಂದು ಮೊಳ ಮಲ್ಲಿಗೆ ತಗೊಂಡಳು. ಶಿವಪುರಕ್ಕೆ ಹೊರಟಳು.

ಕನಕರಾಜು ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದ. ಅವಳನ್ನು ನೋಡಿ ಬಟ್ಟೆ ಕೈಯಿಂದ ಬಿತ್ತು.

"ಅಕ್ಕಾರಿಲ್ವಾ? ಅವರ್ಗೇ ಅಂತ ತಂದೆ..."

ತೆರೆದ ಬಾಗಿಲಿನಿಂದ ನಡುಮನೆಯ ಗೋಡೆ ಕಾಣುತ್ತಿತ್ತು. ಗೋಡೆಯ ಮೇಲೆ ನಗುಮುಖದ ಒಬ್ಬ ಹೆಂಗಸಿನ ಫೋಟೊ. ಫೋಟೊಗೆ ಹಾರ, ಮುಂದೆ ದೀಪ.

"ದೇವಿರಮ್ಮ..." ಎಂದ ಅವನು ಕಷ್ಟಪಟ್ಟು. "ಓಗಿ ಬಾಳ ವರ್ಸ ಆಯ್ತು."

ಮೀನಾಕ್ಷಮ್ಮನಿಗೆ ಮೊದಲು ದುಃಖ, ಹಿಂದೆಯೇ ಉರಿ!

"ಅಂದ್ರೆ ಸುಳ್ಳಾ? ಇಷ್ಟ್ ದಿನಾನೂ? ನಾನೆಲ್ಲಿ ಗಂಟು ಬೀಳ್ತೀನೋ ಅಂತ ಸತ್ತೋರನ್ನ ಅಡ್ಡ ಇಟ್ಕೊಂಡ್ರಾ?"

"ಅಂಗಲ್ಲ ಕಣಮ್ಮ..."

"ಬುಡಿ! ನಾನು ಅಷ್ಟು ಅಗ್ಗದೋಳಲ್ಲ!"

ಮಲ್ಲಿಗೆಯನ್ನು ಮಾತ್ರ ದೇವಿರಮ್ಮನ ಫೋಟೊ ಮುಂದೆ ಇಟ್ಟು, ಕಣ್ಣೊರೆಸಿಕೊಳ್ಳುತ್ತಾ ಹೊರಟುಬಿಟ್ಟಳು. ಸೀಟಿನ ಕವರ್ ಅವಳ ಬ್ಯಾಗಿನಲ್ಲೇ ಉಳಿಯಿತು.

ಆಮೇಲೆ ಅವಳು ನಾಲೆ ಏರಿಯ ಕಡೆ ತಿರುಗಿಯೂ ನೋಡಲಿಲ್ಲ. ಸೈಕಲ್ ಜಗುಲಿಯಲ್ಲಿ ಧೂಳು ತಿನ್ನುತ್ತಿತ್ತು. ಯಾವ ಜಗುಲಿಗೆ ಹೆದರಿ ಸೈಕಲ್ ಕೊಂಡಿದ್ದಳೋ ಅದೇ ಜಗುಲಿಯಲ್ಲಿ ಮಂಡಿ ಹಿಡಿದು ಕೂತಿದ್ದಳು.

ಹಾಗೇ ಕೂತಿದ್ದ ಒಂದು ಮಧ್ಯಾಹ್ನ ಪಕ್ಕದ ಮನೆ ಪಟ್ಟಲಮ್ಮ ಕೂಗಿದಳು. "ಮೀನಾಕ್ಸೀ, ಬಾರಮ್ಮಿ ಇಲ್ಲಿ! ಯಾರೋ ಮೀಸೆಯೋನು ಲೇಡೀಸ್ ಸೈಕಲ್ಲಲ್ಲಿ ಬತ್ತಾವ್ನೆ!"

ಮೀನಾಕ್ಷಮ್ಮ ಧಡಕ್ಕನೆ ಎದ್ದಳು.

ಅವಳ ಮನೆಗೆ ಎದುರಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ಊರ ಗಂಡಸರೆಲ್ಲ ಕೂತಿರುವ ಹೊತ್ತು. ಅವರ ನಡುವೆಯೇ ಕನಕರಾಜು ಬರುತ್ತಿದ್ದ.

"ಏನ್ ಕನಕರಾಜಣ್ಣ! ಅಷ್ಟ್ ದೊಡ್ಡ ಬಸ್ ಓಡ್ಸಿದೋನು, ಈಗ ಯಾರ ಲೇಡೀಸ್ ಸೈಕಲ್ಲು ಅದು?" ಯಾರೋ ಕಿಚಾಯಿಸಿದ. ಹೋ ಎಂದು ನಗು.

ಕನಕರಾಜು ಸೈಕಲ್ ನಿಲ್ಲಿಸಿದ. ಎರಡೂ ಪಾದ ನೆಲಕ್ಕೆ ಊರಿದ.

"ನಂದೇ ಕಣ್ಲಾ! ಸೊಂಟ ಆಪ್ರೇಸನ್ ಆಗದೆ, ಕಂಬಿ ಮೇಲೆ ಕಾಲ್ ಎತ್ತಾಕಕ್ಕೆ ಆಗಕಿಲ್ಲ. ಕಂಬಿ ಇಲ್ದಿದ್ರೆ ಅತ್ತುತೀನಿ, ಓಯ್ತೀನಿ. ನಗೋರು ನಗ್ರಲಾ!"

ಮೀನಾಕ್ಷಮ್ಮ ಜಗುಲಿಯ ಕಂಬ ಹಿಡಿದು ಕೇಳುತ್ತಿದ್ದಳು. ಅವನು ನೇರ ಅವಳ ಜಗುಲಿ ಮುಂದೆ ಬಂದ.

"ಕೇಳಿಸ್ಕೊಂಡ್ಯಾ ಟೀಚರಮ್ಮ? ಇಷ್ಟೇ ನಿಜ. ಅವತ್ತು ಅಂಗ್ಡೀಲಿ ಎಲ್ರೂ ನೋಡ್ತಿದ್ರು, ನಾಚ್ಕೆ ಆಯ್ತು. ಬಾಯಿಗೆ ಬಂದಿದ್ದು ಅಂದ್ಬುಟ್ಟೆ. ಆಮೇಲೆ ಎಂಗ್ ವಾಪಸ್ ತಗೊಳ್ಳೋದು ಗೊತ್ತಾಗ್ಲಿಲ್ಲ. ನಿನ್ನ ದೂರ ಇಡಕ್ಕಲ್ಲ ಕಣಮ್ಮ... ಸೊಂಟ ಓದೋನು ಅಂತ ಗೊತ್ತಾದ್ರೆ ನೀನೇ ದೂರ ಓಗ್ಬುಟ್ಟೀಯಾ ಅಂತ!"

"ದಡ್ಡ!" ಎಂದಳು ಮೀನಾಕ್ಷಮ್ಮ. ಕಣ್ಣು ತುಂಬಿ ಹರಿಯುತ್ತಿತ್ತು. "ನನ್ ಮಂಡಿ ಕತೆ ದಿನಾ ಕೇಳ್ತಿದ್ರಲ್ಲ, ನೀವೇನ್ ದೂರ ಓದ್ರಾ?"

ಅವಳು ಒಳಗೆ ಹೋಗಿ ಸೀಟಿನ ಕವರ್ ತಂದು, ಪಟ್ಟಲಮ್ಮ ನೋಡುತ್ತಿದ್ದಂತೆಯೇ ಅವನ ಸೈಕಲ್ಲಿಗೆ ಹಾಕಿ ದಾರ ಬಿಗಿದಳು. ಅವನು ಆ ಕೈ ಮೇಲೆ ಕೈ ಇಟ್ಟ. ಈ ಸಲ ಯಾರೂ ಬಿಡಿ ಎನ್ನಲಿಲ್ಲ.

"ಬ್ಯಾಟ್ರಿ ಮುಗುದದೆ," ಎಂದ ಮೆಲ್ಲಗೆ. "ಚಾರ್ಜರ್ ತಂದಿಲ್ಲ."

"ನಂದೇ ಹಾಕಿ. ಎರಡೂ ಒಂದೇ ಅಲ್ವಾ."

"ಮೀನಾಕ್ಸಿ..." ಮೊದಲ ಸಲ ಹೆಸರು ಹಿಡಿದು ಕರೆದಿದ್ದ. "ಒಂದೇ ಮನೇಲಿದ್ರೆ ಒಂದು ಚಾರ್ಜರ್ ಸಾಕಲ್ವಾ?"

"ಬ್ಯಾಡ. ಎರಡೂ ಬೇಕು."

ಅವನ ಮುಖ ಇಳಿದುಹೋಯಿತು. ಅವಳು ಒದ್ದೆ ಕಣ್ಣಲ್ಲೇ ನಕ್ಕಳು.

"ಒಂದಾದ್ಮೇಲೆ ಒಂದು ಚಾರ್ಜ್ ಮಾಡ್ತಾ ಕೂತ್ರೆ, ಇಬ್ರೂ ಜೊತೇಲಿ ಹೊರಡೋದ್ಯಾವಾಗ್ರೀ?"