ಅಂಬೇವಾಡಿಯ ತೆರೆಯದ ನಕ್ಷೆಗಳು

"ಐದಕ್ಕ ಪೊಲೀಸರನ್ನ ಕರಸ್ತಾರಂತ, ಕಾಕಾ. ಅಬ್ಬಾಗ ಗೊತ್ತಾದ್ರ ನಾ ಮನಿಗೆ ಹೆಂಗ ಹೋಗ್ಲಿ?"

ಇಶ್ರತಳ ಮುಂದಿನ ಚಹಾ ತಣ್ಣಗಾಗಿತ್ತು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿ ಬಂಗೂರನಗರದಲ್ಲಿದ್ದ ಅಡಿವೆಯ್ಯನವರ ಬಳಿ ಊರಿನ ಬಿಡಿಸಲಾಗದ ಗಂಟುಗಳೆಲ್ಲ ಬರುತ್ತಿದ್ದವು. ಗೆಳೆಯ ತುಳಸಿರಾಮ ಮಾಸ್ತರರು ಎಂದಿನಂತೆ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದರು.

ಅದು 2005ರ ಒಂದು ಸೋಮವಾರ. ಅಂಬೇವಾಡಿಯ ಹಲಗೆ ಕಾರ್ಖಾನೆಯ ನಕ್ಷೆಗಳೆಲ್ಲ ಇಶ್ರತ ಕೂರಿಸಿದ್ದ ಲಿನಕ್ಸ್ ಸರ್ವರಿನಲ್ಲಿದ್ದವು. ಅದನ್ನು ಆಫೀಸಿನವರೆಲ್ಲರ ಗುರುತು ಪರೀಕ್ಷಿಸುವ ವಿಂಡೋಸ್ ಡೊಮೇನಿಗೆ ಸೇರಿಸಿದ್ದಳು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಸಾಕಿತ್ತು. ಇಂದು ಬೆಳಿಗ್ಗೆಯಿಂದ ಅದು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನೌಕರಿ ಕಾಯಂ ಆಗದ ಸಿಟ್ಟಿಗೆ ಅವಳೇ ಬೀಗ ಹಾಕಿದ್ದಾಳೆ ಎಂಬುದು ಮ್ಯಾನೇಜರ್ ಶಿವಲಿಂಗಪ್ಪನವರ ಆರೋಪ.

"ಶನಿವಾರ ಛಲೋ ಇತ್ರಿ. ನಿನ್ನೆ ಪೂರ್ತಿ ಕರೆಂಟ್ ಇರ್ಲಿಲ್ಲ. ಮಶಿನ್ ಒಳಗಿನ ಸಣ್ಣ ಬ್ಯಾಟರಿ ಸತ್ತೈತಿ, ಹೊಸಾದು ಕೊಡ್ರಿ ಅಂತ ಎರಡು ಸಲ ಬರದ್ ಕೊಟ್ಟಿದ್ದೆ. ಇವತ್ತ ನಾ ಹೋಗೂದ್ರಾಗ ಮಶಿನ್ ಚಾಲೂನ ಇತ್ತು."

ಮೂವರೂ ಕಾರ್ಖಾನೆಗೆ ಹೋದಾಗ ಆಫೀಸಿನ ಬಾಗಿಲಲ್ಲೇ ಹೆಡ್ ಕ್ಲಾರ್ಕ್ ಚನಬಸಪ್ಪ ನಕ್ಕ. "ನಾಲ್ಕೂವರಿಗೆ ಬರ್ತೇವಿ ಅಂತ ಫೋನ್ ಮಾಡಿದ್ರಿ ಅಡಿವೆಯ್ಯನವರ, ನಾಲ್ಕ ನಲವತ್ತಾತು!"

ರೇಡಿಯೋದ ಸಮಯಕ್ಕೆ ಹೊಂದಿಸಿದ್ದ ತುಳಸಿರಾಮರ ಕೈಗಡಿಯಾರದಲ್ಲಿ ಸರಿಯಾಗಿ ನಾಲ್ಕೂವರೆ.

"ಗ್ವಾಡಿ ಗಡಿಯಾರ ಹತ್ತು ನಿಮಿಷ ಮುಂದ ಇಡೂದು ನಮ್ಮ ರೂಢಿರಿ. ಇಲ್ಲಾಂದ್ರ ಹಳಿಯಾಳದ ಬಸ್ ತಪ್ಪತೈತಿ," ಎಂದ ಚನಬಸಪ್ಪ.

ಅಡಿವೆಯ್ಯ ಸರ್ವರಿನ ಕಪ್ಪು ಪರದೆ ನೋಡಿದರು, ಗೋಡೆ ನೋಡಿದರು, ಆಮೇಲೆ ಗೆಳೆಯನ ಮಣಿಕಟ್ಟು. "ಬೆಳಿಗ್ಗೆ ಕೀಲಿ ತಗದವರು ಯಾರು?"

"ನಾನರಿ, ದಿನಾ ನಾನ." ಚನಬಸಪ್ಪನ ನಗು ಅಲ್ಲಿಗೆ ನಿಂತಿತು.

ಅಡಿವೆಯ್ಯ ಇಶ್ರತಳನ್ನು ಕೇಳಿ ಕೇಳಿ ಏನೋ ಬರೆದುಕೊಂಡರು. ಅಷ್ಟರಲ್ಲಿ ಗೋಡೆ ಗಡಿಯಾರ ಐದು ಬಾರಿಸಿತು. ಶಿವಲಿಂಗಪ್ಪ ಫೋನಿಗೆ ಕೈ ಹಾಕಿದರು. ಇಶ್ರತ ಕಣ್ಣು ಮುಚ್ಚಿಕೊಂಡಳು.

"ಸಾಹೇಬ್ರ, ಇನ್ನೂ ಹತ್ತು ನಿಮಿಷ ಐತಿ," ಎಂದರು ಅಡಿವೆಯ್ಯ. "ಎಲ್ಲಾರೂ ಕೂಡ್ರಿ."

ಎಲ್ಲರೂ ಕುಳಿತರು.

"ಬ್ಯಾಟರಿ ಸತ್ತ ಮಶಿನ್ ಕರೆಂಟ್ ಹೋದ್ರ ಹೊತ್ತು ಮರೀತೈತಿ, ಚಾಲೂ ಮಾಡಿದವರನ್ನ ಕೇಳ್ತೈತಿ. ಇವತ್ತ ಕೇಳಿದಾಗ ಯಾರೋ ಈ ಗೋಡೆ ಗಡಿಯಾರ ನೋಡಿ ಹೇಳ್ಯಾರ. ಪರದಿ ಮ್ಯಾಗೂ ಗೋಡೆ ಮ್ಯಾಗೂ ಒಂದ ಹೊತ್ತು. ಡೊಮೇನಿಂದು ಮಾಸ್ತರ ಗಡಿಯಾರದ ಹೊತ್ತು. ಎರಡರ ನಡುವ ಐದು ನಿಮಿಷಕ್ಕಿಂತ ಹೆಚ್ಚು ಫರಕ್ ಇದ್ರ ಡೊಮೇನು ಗುರುತು ಒಪ್ಪೂದಿಲ್ಲ. ಬೀಗ ಹಾಕಿದವರು ಯಾರೂ ಇಲ್ಲ. ಇಶ್ರತ ಬರೂದ್ರಾಗ ಒಳಗಿದ್ದವರು ಒಬ್ಬರ."

ಚನಬಸಪ್ಪ ತಲೆ ತಗ್ಗಿಸಿದ. "ಎಲ್ಲಾರೂ ಬರೂದ್ರಾಗ ತಯಾರಿರ್ಲಿ ಅಂತ ಚಾಲೂ ಮಾಡಿದ್ನಿರಿ. ಅದನ್ನ ಮುಟ್ಟಿದ್ರ ಮನಿಗೆ ಕಳಸ್ತೇನಿ ಅಂದಿದ್ರು ಸಾಹೇಬ್ರು, ಅದಕ್ಕ ಹೇಳಲಿಲ್ಲ. ರಿಟೈರ್ ಆಗಾಕ ಆರು ತಿಂಗಳು ಉಳದೈತ್ರಿ..."

"ತಿಳೀದ ಮಾಡಿದ್ದು ತಪ್ಪಲ್ಲ. ದಿನಪೂರ್ತಿ ಈ ಹುಡುಗಿ ಮಾರಿ ನೋಡ್ಕೋತ ಸುಮ್ಮನ ಕುಂತಿಯಲ್ಲ, ಅದು ತಪ್ಪು," ಎಂದರು ಅಡಿವೆಯ್ಯ.

ಇಶ್ರತ ಕೀಲಿಮಣೆಗೆ ಬೆರಳಿಟ್ಟಳು. "ಮಾಸ್ತರ, ಎಷ್ಟಾತ್ರಿ?"

"ನಾಲ್ಕು ಐವತ್ತೆಂಟು." ಅಂದು ತುಳಸಿರಾಮರು ಆಡಿದ್ದು ಅದೊಂದೇ ಮಾತು.

ಇಶ್ರತ ಆ ಹೊತ್ತನ್ನೇ ಸರ್ವರಿಗೆ ಕೊಟ್ಟಳು; ನಕ್ಷೆಗಳು ಒಂದೊಂದಾಗಿ ತೆರೆದುಕೊಂಡವು. ಶಿವಲಿಂಗಪ್ಪ ಫೋನ್ ಕೆಳಗಿಟ್ಟರು. "ನಾಳೆ ಬ್ಯಾಟರಿ ತರಸ್ತೇನಿ."

"ಮೂರನೇ ಸಲ ಬರದ್ ಕೊಡಬೇಕೇನ್ರಿ, ಸರ?"

ಹೊರಗೆ ಐದರ ಸೈರನ್ ಕೂಗಿತು. ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಚನಬಸಪ್ಪ ಬಸ್ಸಿಗೆಂದು ಏಳಲಿಲ್ಲ.