ಮಂಗಮ್ಮನ ಮಂಚ

ರೋಗಿಯ ಕಾಲು ತೊಳೆಯಲು ಅರ್ಧ ಬಕೆಟ್ ಬಿಸಿನೀರು, ಚೂರು ಸೋಪು, ಒಂದು ಟವೆಲ್ ಸಾಕು. ಯೇಸು ಶಿಷ್ಯರ ಕಾಲು ತೊಳೆದರು, ನರ್ಸ್ ಆದ ನಾನೂ ತೊಳೆಯುತ್ತೇನೆ. ಶಿಡ್ಲಘಟ್ಟದ ನಮ್ಮ ಚಿಕ್ಕ ಆಸ್ಪತ್ರೆಯಲ್ಲಿ, ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದ ಮಂಗಮ್ಮನ ಕಾಲನ್ನೂ ತೊಳೆದಿದ್ದೆ. ಅವಳು ಸತ್ತ ಮೇಲೆ ಅವಳು ಮಲಗಿದ್ದ ಮಂಚದಿಂದ ಬೇಯಿಸಿದ ಗೂಡಿನ ವಾಸನೆ ಹೋಗಲಿಲ್ಲ. ಯಾರನ್ನೂ ಅಲ್ಲಿ ಮಲಗಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೋನಪ್ಪನೆಂಬ ರೋಗಿ ಬೇರೆ ಮಂಚ ಸಿಗದೆ ವರಾಂಡದ ನೆಲದ ಮೇಲೆ ಜ್ವರದಿಂದ ನಡುಗುತ್ತಿದ್ದ.

"ಆ ಮಂಚ ಬೇಡ ಕಣಮ್ಮ, ಅವ್ಳಿನ್ನೂ ಬಿಟ್ಟಿಲ್ಲ," ಎಂದಳು ಆಯಾ ಸುಬ್ಬಲಕ್ಷ್ಮಮ್ಮ.

"ಇದ್ರೆ ಸ್ವಲ್ಪ ಜರುಗ್ಲಿ," ಎಂದು ಅವನನ್ನು ಅಲ್ಲೇ ಮಲಗಿಸಿದೆ.

ಬಕೆಟ್ ತರುವಷ್ಟರಲ್ಲಿ ಅವನ ಕಾಲು ಒದ್ದೆಯಾಗಿ ಬೆಚ್ಚಗಿತ್ತು. ಬೆರಳ ಸಂದಿಯಲ್ಲಿ ರೇಷ್ಮೆಯ ಎಳೆಯಿತ್ತು.

"ಆಗ್ಲೇ ಒಬ್ಬಮ್ಮ ತೊಳೆದ್ರಲ್ಲ ಸಿಸ್ಟರ್," ಎಂದ ಕೋನಪ್ಪ.

"ನನ್ ಕೆಲ್ಸ ನಾನ್ ಮಾಡ್ತೀನಿ," ಎಂದು ಮತ್ತೆ ತೊಳೆದು ಟವೆಲ್‌ನಿಂದ ಒರೆಸಿದೆ.

ಕೋನಪ್ಪ ಬದುಕಿ ಉಳಿದ. ಆ ಟವೆಲ್ ಮಾತ್ರ ಇವತ್ತಿಗೂ ಒಣಗಿಲ್ಲ.