ಅರ್ಧ ಗಂಟೆಯಲ್ಲಿ ಇನ್ನೂರು ಜನ

ದುರ್ಬೀನು ಜಗಲಿಯ ಮೇಲೆ ಮೂರು ತುಂಡಾಗಿ ಬಿದ್ದಿತ್ತು. ಬಾಗಿಲ ತುಂಬ ಕಲ್ಲೇಟಿನ ಗುರುತು.

ಒಳಗೆ ಶಬ್ರೀನ್ ಬ್ಯಾಗಿಗೆ ಬಟ್ಟೆ ತುರುಕುತ್ತಿದ್ದಳು. ಮಂಡ್ಯದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು, ನನ್ನ ಗೆಳತಿ. ಎಂಟರ ಬಸ್ಸಿಗೆ ಮದ್ದೂರಿನ ಚಿಕ್ಕಮ್ಮನ ಮನೆಗೆ ಹೊರಟಿದ್ದಳು, ಮತ್ತೆ ಬರುವುದಿಲ್ಲವಂತೆ. ಮಳವಳ್ಳಿಯಲ್ಲಿ ಗ್ಯಾರೇಜಿಟ್ಟಿರುವ ಅವಳ ಅಪ್ಪ ಅಶ್ಫಾಕ್ ಕಿಟಕಿ ತೆಗೆಯಲೂ ಬಿಡಲೊಲ್ಲರು.

ನಿನ್ನೆ ಸಂಜೆ ಐದೂವರೆಗೆ, ಹಾಲಿನ ಡೈರಿ ಪಕ್ಕದ ಕೋಣೆಯಲ್ಲಿ, ನಮ್ಮ ಓದುಗರ ಕೂಟಕ್ಕೆ ಅವಳು ಕಪ್ಪುಕುಳಿಗಳ ಬಗ್ಗೆ ಹೇಳಿ ಮುಗಿಸಿದ್ದಳು. ಆರಕ್ಕೆ ಇನ್ನೂರು ಜನ ಈ ಬಾಗಿಲಲ್ಲಿ! ಭೂಮಿ ನುಂಗುವ ಕುಳಿಯನ್ನು ದುರ್ಬೀನಿನ ಕೊಳವೆಯಿಂದ ಊರಿಗೆ ಇಳಿಸುತ್ತಾಳಂತೆ. ಗುಂಪಿಗೆ ನಂಬಿಕೆ ಬೇಕಿಲ್ಲ, ನೆಪ ಸಾಕು.

ಕೂಟ ನಡೆಸುವ ನಿವೃತ್ತ ಶಿಕ್ಷಕಿ ಯಶೋದಮ್ಮ ಮೆಟ್ಟಿಲ ಬಳಿ ಬಗ್ಗಿದರು. ಒಣಗಿದ ಬಿಳಿ ಕಲೆ, ಗೇಟಿನವರೆಗೂ ಇರುವೆ ಸಾಲು.

"ಅಶ್ಫಾಕ್, ನಿಮ್ಮ ಮನೆ ಹಾಲಾ?"

"ನಾವು ಎಮ್ಮೆ ಕಟ್ಟಿಲ್ಲಮ್ಮ."

ಸುದ್ದಿ ಹಬ್ಬಿಸಿದ್ದು ಇವನೇ ಎಂದು ಊರೆಲ್ಲ ಬೆರಳು ತೋರುತ್ತಿದ್ದುದು ಸ್ವರೂಪನ ಕಡೆ. ಕೂಟದವನೇ, ಬಾಯಿ ಸಡಿಲ. ಅವನನ್ನು ಕರೆಸಿದೆವು.

"ಎಷ್ಟು ಜನಕ್ಕೆ ಹೇಳ್ದೆ?" ಯಶೋದಮ್ಮ ಕೇಳಿದರು.

"ನಾಕು ಜನಕ್ಕೆ ಕಣಮ್ಮ. ತಮಾಸೆಗೆ."

"ಯಾವಾಗ?"

"ಐದೂಮುಕ್ಕಾಲಿಗೆ."

ಯಶೋದಮ್ಮ ಶಬ್ರೀನಳತ್ತ ತಿರುಗಿದರು. "ವಿಶ್ವ ಹುಟ್ಟಿ ನೂರು ಕೋಟಿ ವರ್ಷ ತುಂಬೋ ಮೊದಲೇ ನೂರು ಕೋಟಿ ಸೂರ್ಯರ ತೂಕದ ಕುಳಿಗಳಿದ್ದವು ಅಂತ ನಿನ್ನೆ ನೀನಂದೆ. ಅಷ್ಟು ಬೇಗ ಹೇಗಮ್ಮ?"

"ಈಗ... ಇದನ್ನ ಕೇಳ್ತೀರಾ?" ಅವಳು ಬ್ಯಾಗು ಕೆಳಗಿಟ್ಟಳು. "ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಸತ್ತ ನಕ್ಷತ್ರದಿಂದ ಸಣ್ಣದಾಗಿ ಶುರುವಾಗಿ, ಎಡೆಬಿಡದೆ ತಿಂದಿರಬೇಕು. ಆದರೆ ತಿನ್ನೋಕೂ ಮಿತಿ ಇದೆ. ತಿಂದಾಗ ಹೊಮ್ಮೋ ಬೆಳಕೇ ಉಳಿದ ತುತ್ತನ್ನ ಹೊರಕ್ಕೆ ತಳ್ಳುತ್ತೆ. ಇಲ್ಲಾ, ಭಾರಿ ಅನಿಲದ ಮೋಡವೇ ನೇರ ಕುಸಿದು, ಹುಟ್ಟುತ್ತಲೇ ದೊಡ್ಡದಾಗಿರಬೇಕು."

"ಬಾಯಿಂದ ಬಾಯಿಗೆ ಹೋಗೋ ಮಾತಿಗೂ ಮಿತಿ ಇದೆ. ನಾಕು ಜನ ಕಾಲು ಗಂಟೇಲಿ ಇನ್ನೂರಾಗಲ್ಲ. ಈ ಗುಂಪು ಹುಟ್ಟುತ್ತಲೇ ದೊಡ್ಡದು. ಚಂದನಾ, ಆ ಹೊತ್ತಿಗೆ ಇನ್ನೂರು ಜನ ಒಟ್ಟಿಗೆ ನಿಲ್ಲೋದೆಲ್ಲಿ?"

ನಾನು ದುರ್ಬೀನಿನ ತುಂಡೊಂದನ್ನು ಎತ್ತಿಕೊಂಡೆ. "ಡೈರಿ ಸಾಲಲ್ಲಿ, ಟೀಚರ್."

ನಾವು ಹೋದಾಗ ಡೈರಿಯಲ್ಲಿ ಬೆಳಗಿನ ಸಾಲು ನಿಂತಿತ್ತು. ಕಾರ್ಯದರ್ಶಿ ಶಿವರಾಮು ಹಾಲು ಅಳೆಯುತ್ತಿದ್ದ.

"ಹಾಲು ಹಾಕದೆ ಈ ಸಾಲು ಬಿಟ್ಟು ಯಾರೂ ಕದಲಲ್ಲ," ಎಂದರು ಯಶೋದಮ್ಮ. "ಆದರೂ ಅಶ್ಫಾಕ್ ಮನೆ ಮೆಟ್ಟಿಲ ಮೇಲೆ ಹಾಲು ಚೆಲ್ಲಿದೆ. ತುಂಬಿದ ಕ್ಯಾನು ಹಿಡಿದೇ ಹೋಗಿದ್ದಾರೆ. ಅಳತೆ ನಿಲ್ಲಿಸೋಕೆ ಆಗೋದು ಒಬ್ಬನಿಗೇ. ಗೋಡೆಯಾಚೆ ಅವಳ ಮಾತು ಕೇಳಿಸ್ಕೊಂಡು, 'ಮೊದಲು ಅಲ್ಲಿಗೋಗಿ, ಆಮೇಲೆ ಅಳೀತೀನಿ' ಅಂದವನು ನೀನು, ಶಿವರಾಮು. ಹಾಲು ಅಳೆಯೋ ನಿನ್ನ ಮಿಷಿನ್ನಿನ ಅಂಕಿ ಓದೋದನ್ನ ಶಬ್ರೀನ್ ಹೆಂಗಸರಿಗೆ ಕಲಿಸಿದ್ಲಲ್ಲ, ಇನ್ನು ನಿನ್ನ ಕಳ್ಳ ಅಳತೆ ನಡೆಯಲ್ಲ — ಅದಕ್ಕೆ."

ಶಿವರಾಮು ಕೈ ಒರೆಸಿಕೊಂಡ. "ಅಂದೆ. ಏನೀಗ? ಕಲ್ಲು ನಾನೆಸೆದ್ನಾ? ಸಾಲ್ನ ಕೇಳಿ."

ನಾನು ಸಾಲಿನತ್ತ ತಿರುಗಿದೆ. ಐದನೆಯವಳು ಚಲುವಮ್ಮ — ನನ್ನವ್ವ. ತಲೆ ತಗ್ಗಿಸಿದ್ದಳು.

"ಅವ್ವಾ?"

"ಅಳೀದಿದ್ರೆ ಹಾಲು ಕೆಟ್ಟೋಯ್ತದೆ ಅಂತ ಓಗಿದ್ದೆ ಕಣವ್ವ."

ನಿನ್ನೆ ಕ್ಯಾನು ಹಿಡಿದು ಹೋದವಳ ಇನ್ನೊಂದು ಕೈಯಲ್ಲಿ ಏನಿತ್ತೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಶಬ್ರೀನ್ ಎಂಟರ ಬಸ್ಸು ಹತ್ತಿದಳು. ಇರು ಎನ್ನುವ ಬದಲು ಅವಳ ಬ್ಯಾಗನ್ನು ನಾನೇ ಎತ್ತಿಕೊಟ್ಟೆ.